ನೇತ್ರಾಣಿಯ ಡೈವರ್‌ಗಳಿಗೆ ರಕ್ಷಣಾ ಬೀಕನ್: ಕಣಕಟ್ಟೆ ಹೋಬಳಿಯವರ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.
(ಮಾನ್ಯ ತಹಶೀಲ್ದಾರರು, ಅರಸೀಕೆರೆ ಇವರ ಮೂಲಕ)

ಇವರಿಂದ,
ಕಣಕಟ್ಟೆ ಹೋಬಳಿಯ ಗ್ರಾಮಸ್ಥರು,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ.

ವಿಷಯ: ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರಿಗೆ ಎಲೆಕ್ಟ್ರಾನಿಕ್ ರಕ್ಷಣಾ ಬೀಕನ್ ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

ಕಣಕಟ್ಟೆಯವರಿಗೂ ಕಡಲಿಗೂ ಏನು ಸಂಬಂಧ ಎಂದು ಈ ಲಕೋಟೆ ಒಡೆದವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮದು ತೆಂಗಿನ ಸೀಮೆ. ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವ ಜನ ನಾವು. ಆದರೆ ಈಗ ನಮ್ಮ ಮಕ್ಕಳು ರಜೆ ಸಿಕ್ಕಿದರೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಮುರುಡೇಶ್ವರಕ್ಕೆ ಹೊರಡುತ್ತಾರೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಚಿತ್ರ 2022ರಲ್ಲಿ ಅಲ್ಲಿನ ಕಡಲನ್ನು ತೆರೆಯ ಮೇಲೆ ತೋರಿಸಿದ ಮೇಲಂತೂ ನೇತ್ರಾಣಿಯ ನೀರಿಗಿಳಿಯದೆ ಬಂದವನು ಪ್ರವಾಸ ಹೋದ ಲೆಕ್ಕವೇ ಅಲ್ಲ. ಹೋಗುವವರಲ್ಲಿ ಬಹುಪಾಲು ಬಯಲುಸೀಮೆಯವರು, ಸಮುದ್ರದ ಸೆಳೆತ ತಿಳಿಯದವರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ತೀರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ 4 ವಿದ್ಯಾರ್ಥಿನಿಯರು ತೀರಿಕೊಂಡಾಗ ನಮ್ಮ ಊರಿನ ಮನೆಮನೆಯಲ್ಲೂ ಟಿ.ವಿ. ಮುಂದೆ ಕೂತವರು ಅತ್ತಿದ್ದಾರೆ. ಅದು ದಡದ ಮಾತು. ನಾವು ಬರೆಯುತ್ತಿರುವುದು ದಡದಿಂದ ಸುಮಾರು 19 ಕಿ.ಮೀ. ಆಚೆಯ ಮಾತು.

ಕಳೆದ ಜನವರಿಯಲ್ಲಿ ನಮ್ಮ ಹೋಬಳಿಯ 9 ಮಂದಿ ಹುಡುಗರು ನೇತ್ರಾಣಿಗೆ ಹೋಗಿದ್ದರು. ಅವರಲ್ಲಿ ಒಬ್ಬ ಮೊದಲೇ ಡೈವಿಂಗ್ ಕೋರ್ಸ್ ಮುಗಿಸಿ ಕಾರ್ಡ್ ಪಡೆದವನು. ತರಬೇತುದಾರರ ಕೈ ಹಿಡಿಯದೆ ಇಳಿದ. ನೀರೊಳಗಿನ ಸೆಳೆತ ಅವನನ್ನು ಬಂಡೆಯ ಮಗ್ಗುಲಿಗೆ ಒಯ್ದಿತು. ಮೇಲೆದ್ದಾಗ ದೋಣಿ ದೂರದಲ್ಲಿತ್ತು. ಸೀಟಿ ಊದಿದ, ಎಂಜಿನ್ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ದೋಣಿಯಲ್ಲಿ ತಲೆ ಎಣಿಸಿದರು, ಲೆಕ್ಕ ಸರಿಬಂತು. ಏಕೆಂದರೆ ವಾಂತಿ ಮಾಡಿಕೊಂಡು ನೀರಿಗೇ ಇಳಿಯದೆ ಮೂಲೆಯಲ್ಲಿ ಟವೆಲ್ ಹೊದ್ದು ಮಲಗಿದ್ದವನನ್ನೂ ‘ಮೇಲೆ ಬಂದವರು’ ಎಂದು ಎಣಿಸಿಬಿಟ್ಟಿದ್ದರು. ಮುಕ್ಕಾಲು ಗಂಟೆ ಕಳೆದ ಮೇಲೆ ಆ ದಾರಿಯಲ್ಲಿ ಬಂದ ಮೀನುಗಾರರ ದೋಣಿಯೊಂದು ಅವನನ್ನು ಎತ್ತಿಕೊಂಡಿತು. “ನನಗೆ ದೋಣಿ ಚೆನ್ನಾಗಿ ಕಾಣ್ತಿತ್ತು, ಅವರಿಗೆ ನಾನು ಕಾಣ್ತಿರ್ಲಿಲ್ಲ” ಅಂತ ಊರಿಗೆ ಬಂದು ಹೇಳಿದ. ಅಲೆಗಳ ನಡುವೆ ಮನುಷ್ಯನ ತಲೆ ಎಂದರೆ ಸುಲಿಯದ ಒಂದು ತೆಂಗಿನಕಾಯಿ, ಅಷ್ಟೇ. ತುಂಬಿದ ಕೆರೆಯಲ್ಲಿ ತೇಲುವ ಕಾಯಿ ಏರಿಯ ಮೇಲೆ ನಿಂತವನ ಕಣ್ಣಿಗೂ ಸಿಗುವುದಿಲ್ಲ. ಇನ್ನು ಕಡಲಲ್ಲಿ?

ಕರೆದೊಯ್ದವರ ಹೆಸರನ್ನು ನಾವು ಹೇಳುತ್ತಿಲ್ಲ. ಇದು ದೂರಲ್ಲ, ಮನವಿ.

ಹೀಗಾಗುವುದು ಹೊಸದೇನಲ್ಲ. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ನೀರಲ್ಲೇ ಬಿಟ್ಟು ದೋಣಿ ಹಿಂದಿರುಗಿತು. ಅವರ ಚೀಲ ದೋಣಿಯಲ್ಲೇ ಉಳಿದದ್ದು ಗಮನಕ್ಕೆ ಬಂದದ್ದು ಎರಡು ದಿನದ ಮೇಲೆ. ಅವರು ಸಿಗಲೇ ಇಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ ತಲೆ ಎಣಿಕೆಯ ನಿಯಮ ಬಿಗಿ ಮಾಡಿತು. 2022ರ ಏಪ್ರಿಲ್‌ನಲ್ಲಿ ಮಲೇಷ್ಯಾದ ಮರ್ಸಿಂಗ್ ಬಳಿ ನಾಲ್ವರು ನೀರಿನಿಂದ ಮೇಲೆದ್ದಾಗ ದೋಣಿಯೇ ಇರಲಿಲ್ಲ. ಮೂವರು ಬದುಕಿದರು, 14 ವರ್ಷದ ಹುಡುಗ ಉಳಿಯಲಿಲ್ಲ. ನಮ್ಮ ಕರಾವಳಿಯದೇ ಬೇಕೆಂದರೆ 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟು ಆಮೇಲೆ ಕಾಣೆಯಾದ ‘ಸುವರ್ಣ ತ್ರಿಭುಜ’ ದೋಣಿಯ ಕಥೆ ಇದೆ. ಅದರಲ್ಲಿದ್ದ 7 ಮೀನುಗಾರರಲ್ಲಿ ಹೆಚ್ಚಿನವರು ತಮ್ಮ ಜಿಲ್ಲೆಯವರೇ. ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣ್ ಬಳಿ ಅವಶೇಷ ಪತ್ತೆ ಹಚ್ಚುವ ಹೊತ್ತಿಗೆ 2019ರ ಮೇ ತಿಂಗಳು ಬಂದಿತ್ತು. ಕಡಲಲ್ಲಿ ‘ಎಲ್ಲಿ’ ಎಂಬ ಒಂದು ಮಾತಿಗೆ ಎಷ್ಟು ಬೆಲೆ ಎಂದು ತಮಗೆ ನಾವು ಹೇಳಬೇಕಾಗಿಲ್ಲ.

ಆ ‘ಎಲ್ಲಿ’ಯನ್ನು ಹೇಳುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಬಗೆ ಇವೆ. ಒಂದು ಪಿಎಲ್‌ಬಿ, ಅಂದರೆ ಒಬ್ಬೊಬ್ಬರು ಮೈಮೇಲೆ ಒಯ್ಯುವ ಸ್ಥಳಸೂಚಕ ಬೀಕನ್. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹೋಗುತ್ತದೆ, ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಇನ್ನೊಂದು ಎಐಎಸ್ (ಹಡಗುಗಳ ಸ್ವಯಂಚಾಲಿತ ಗುರುತಿಸುವಿಕೆ ವ್ಯವಸ್ಥೆ) ಬೀಕನ್. ಅದು ಆಕಾಶಕ್ಕೆ ಹೋಗದೆ ಸುತ್ತಲಿನ ದೋಣಿ, ಹಡಗುಗಳ ಪರದೆಯ ಮೇಲೆ ನೇರವಾಗಿ ಚುಕ್ಕೆಯಾಗಿ ಮೂಡುತ್ತದೆ. ಎರಡೂ ನೀರೊಳಗೆ ಕೆಲಸ ಮಾಡವು. ಮೇಲೆ ಬಂದು ಆಂಟೆನಾ ಎತ್ತಿ ಹಿಡಿಯಬೇಕು. ಸಾಮಾನ್ಯ ಪಿಎಲ್‌ಬಿ 10–15 ಮೀಟರ್‌ಗಿಂತ ಕೆಳಗಿನ ಒತ್ತಡ ತಾಳದು, ಗಟ್ಟಿ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಡೈವರ್‌ಗಳಿಗೆಂದೇ ಮಾಡಿದ ಎಐಎಸ್ ಬೀಕನ್‌ಗಳು 100 ಮೀಟರ್ ದಾಟಿದರೂ ತಾಳುತ್ತವೆ.

ನಮ್ಮ ಅಭಿಪ್ರಾಯ ಕೇಳಿದರೆ ನೇತ್ರಾಣಿಗೆ ಮೊದಲು ಬೇಕಾದ್ದು ಎಐಎಸ್. ಕಳೆದುಹೋದವನಿಗೆ ಎಲ್ಲರಿಗಿಂತ ಹತ್ತಿರ ಇರುವುದು ಅವನನ್ನು ಇಳಿಸಿದ ದೋಣಿಯೇ. ಮೊದಲು ಗೊತ್ತಾಗಬೇಕಾದ್ದೂ ಅದಕ್ಕೇ. ಆದರೆ ದೋಣಿಯಲ್ಲಿ ಎಐಎಸ್ ರಿಸೀವರ್ ಇಲ್ಲದಿದ್ದರೆ ಬೀಕನ್ ಕೂಗಿದ್ದು ಕೇಳುವವರಿಲ್ಲ. ಎರಡನ್ನೂ ಒಟ್ಟಿಗೇ ಕೇಳುತ್ತಿದ್ದೇವೆ.

ಇನ್ನು ಪಿಎಲ್‌ಬಿಯ ವಿಷಯ. ಇದರಲ್ಲಿ ನಮಗೊಂದು ಸಣ್ಣ ಹೆಮ್ಮೆಯೂ ಇದೆ, ಒಂದು ಸಂಕಟವೂ ಇದೆ. ಆ ಕೂಗನ್ನು ಕೇಳಿಸಿಕೊಳ್ಳುವ ಸಾಧನ ಹೊತ್ತ ಇನ್ಸಾಟ್-3ಡಿಆರ್ ಉಪಗ್ರಹವನ್ನು ನೋಡಿಕೊಳ್ಳುವುದು 1982ರಿಂದ ನಮ್ಮ ಹಾಸನದಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಕೂಗು ಇಳಿದು ಬರುವುದು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ನಡೆಸುವ ಕೇಂದ್ರಕ್ಕೆ; ಅಲ್ಲಿಂದ ಕರಾವಳಿ ಕಾವಲು ಪಡೆಗೆ. ಇಸ್ಟ್ರಾಕ್ ಇರುವುದು ಪೀಣ್ಯದಲ್ಲಿ. ಪೀಣ್ಯ ಎಂದರೆ ನಮ್ಮ ಹುಡುಗರು ಶಿಫ್ಟ್ ಕೆಲಸಕ್ಕೆ ಹೋಗುವ ಜಾಗ. ಕೇಳುವ ಕಿವಿ ಹಾಸನ, ಬೆಂಗಳೂರುಗಳಲ್ಲಿ ಹಗಲೂ ರಾತ್ರಿ ತೆರೆದಿದೆ. ಆದರೆ ಹಾಸನ ಜಿಲ್ಲೆಯ ಹುಡುಗ ನೇತ್ರಾಣಿಯಲ್ಲಿ ಬರೀ ಸೀಟಿ ಊದುತ್ತಿದ್ದ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಹೀಗಿವೆ.

ಅಕ್ಟೋಬರ್‌ನಲ್ಲಿ ಡೈವಿಂಗ್ ಮತ್ತೆ ಶುರುವಾಗುವ ಮೊದಲು, ನೇತ್ರಾಣಿಗೆ ಜನರನ್ನು ಕರೆದೊಯ್ಯುವ ಅನುಮತಿಯ ಷರತ್ತಿನಲ್ಲಿ ಬೀಕನ್ ಸೇರಿಸಬೇಕು. ಇಳಿಯುವ ಪ್ರತಿಯೊಬ್ಬರಿಗೂ ಕೊಡಿ ಎಂದು ಕೇಳುವಷ್ಟು ಅವಿವೇಕಿಗಳಲ್ಲ ನಾವು. ಮೊದಲ ಸಲ ಇಳಿಯುವವರು ತರಬೇತುದಾರರ ಕೈಯಲ್ಲೇ ಇರುತ್ತಾರೆ. ಆ ತರಬೇತುದಾರರ ಜಾಕೆಟ್‌ನಲ್ಲಿ ಒಂದು ಇದ್ದರೆ ಸಾಕು. ಆದರೆ ಸ್ವತಂತ್ರವಾಗಿ ಇಳಿಯುವವರಿಗೆ ತಲಾ ಒಂದು ಇರಲೇಬೇಕು. ಹೊರದೇಶದಲ್ಲಿ ಇದರ ಬೆಲೆ ಕೆಲವು ನೂರು ಡಾಲರ್. ಬಾಡಿಗೆಗೆ ಕೊಟ್ಟು ಟಿಕೆಟ್‌ನಲ್ಲಿ ಸೇರಿಸಿದರೆ ನಮ್ಮ ಹುಡುಗರು ಕೊಡುತ್ತಾರೆ. ನೀರೊಳಗಿನ ಫೋಟೋಕ್ಕೆ ಕೊಡುತ್ತಿಲ್ಲವೇ?

ದೋಣಿಗಳಲ್ಲಿ ಎಐಎಸ್ ರಿಸೀವರ್, ವಿಎಚ್‌ಎಫ್ ರೇಡಿಯೊ ಇರಬೇಕು. ಕೇಂದ್ರ ಸರ್ಕಾರ 364 ಕೋಟಿ ರೂಪಾಯಿ ವೆಚ್ಚದಲ್ಲಿ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೊಡುತ್ತಿದೆ. ಒಳ್ಳೆಯ ಕೆಲಸ. ಪ್ರವಾಸಿಗರನ್ನು ಹೊತ್ತೊಯ್ಯುವ ದೋಣಿಗಳಿಗೂ ಅಂಥದೇ ಏರ್ಪಾಡು ಮಾಡಲು, ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ ಇಸ್ರೋದ ಹೊಸ ಅಪಾಯ ಸೂಚಕ ಉಪಕರಣವನ್ನು ಅವುಗಳಿಗೆ ಒದಗಿಸಲು ಪ್ರವಾಸೋದ್ಯಮ ಇಲಾಖೆಗೆ ತಾವು ಶಿಫಾರಸು ಮಾಡಬೇಕು.

ಕಾನೂನಿನ ಗೊಂದಲ ಬಗೆಹರಿಸಬೇಕು. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಉಪಗ್ರಹ ಸಂದೇಶ ಉಪಕರಣ ಇಟ್ಟುಕೊಂಡದ್ದಕ್ಕೆ ತಡೆದರು. ಅದು ಬೇರೆ ಉಪಕರಣ, ಪಿಎಲ್‌ಬಿ ಬೇರೆ. ಆದರೆ ಈ ವ್ಯತ್ಯಾಸ ತಪಾಸಣೆಗೆ ನಿಂತ ಪೇದೆಗೆ ಯಾರು ಹೇಳಬೇಕು? ದೂರಸಂಪರ್ಕ ಇಲಾಖೆಯಿಂದ ಸ್ಪಷ್ಟನೆ ಪಡೆದು, ಯಾವುದಕ್ಕೆ ಪರವಾನಗಿ ಬೇಕು, ಯಾವುದನ್ನು ಬೆಂಗಳೂರಿನ ಕೇಂದ್ರದಲ್ಲಿ ನೋಂದಾಯಿಸಬೇಕು ಎಂಬುದನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ನೋಂದಣಿ ಇಲ್ಲದ ಬೀಕನ್ ಕೈತಪ್ಪಿ ಕೂಗಿದರೆ ಕಾವಲು ಪಡೆಯ ಹಡಗು ಸುಮ್ಮನೆ ಡೀಸೆಲ್ ಸುಡಬೇಕಾಗುತ್ತದೆ. ನೋಂದಣಿ ಇದ್ದರೆ ಮೊದಲು ಮನೆಗೊಂದು ಫೋನ್ ಬರುತ್ತದೆ.

ಬೀಕನ್ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಇಳಿಯುವಾಗ ಒಂದು ಸಹಿ, ಹತ್ತಿದಾಗ ಒಂದು ಸಹಿ, ಹೆಸರು ಕೂಗಿ. ತಲೆ ಎಣಿಸುವುದು ಬೇಡ. ಊದಿ ನಿಲ್ಲಿಸುವ ಕಿತ್ತಳೆ ಬಣ್ಣದ ಟ್ಯೂಬ್ ಪ್ರತಿಯೊಬ್ಬರ ಸೊಂಟದಲ್ಲಿ ಇರಲಿ. ದೋಣಿಯಲ್ಲಿ ಕಾವಲು ಪಡೆಯ 1554 ಸಂಖ್ಯೆ ದಪ್ಪಕ್ಷರದಲ್ಲಿ ಬರೆದಿರಲಿ. ಇದಕ್ಕೆ ಯಾವ ಟೆಂಡರೂ ಬೇಕಿಲ್ಲ.

ಕೊನೆಯದಾಗಿ, ನಮ್ಮ ಹುಡುಗನನ್ನು ಎತ್ತಿಕೊಂಡ ಮೀನುಗಾರರು ಆ ದಿನ ಬಲೆ ಬಿಡುವುದನ್ನು ಬಿಟ್ಟು ಅವನನ್ನು ದಡಕ್ಕೆ ತಂದರು. ಕಾಸು ಕೊಡಹೋದರೆ ಮುಟ್ಟಲಿಲ್ಲ. ಹುಡುಕಾಟಕ್ಕೆ ಬರುವ ಇಂಥ ದೋಣಿಗಳಿಗೆ ಡೀಸೆಲ್ ಖರ್ಚನ್ನಾದರೂ ಜಿಲ್ಲಾಡಳಿತ ತುಂಬಿಕೊಡಬೇಕು. ಕಾವಲು ಪಡೆ, ಕರಾವಳಿ ಕಾವಲು ಪೊಲೀಸರು, ಡೈವಿಂಗ್ ನಡೆಸುವವರು ವರ್ಷಕ್ಕೊಮ್ಮೆ ಅಣಕು ಹುಡುಕಾಟ ಮಾಡಬೇಕು, ಅದಕ್ಕೆ ಭಟ್ಕಳ, ಮುರುಡೇಶ್ವರದ ಮೀನುಗಾರರನ್ನೂ ಕರೆಯಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಕಣಕಟ್ಟೆ ನಾಡಕಚೇರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಮಳೆಗಾಲದಲ್ಲಿ ಡೈವಿಂಗ್ ನಿಂತಿರುತ್ತದೆ. ಆ ನಾಲ್ಕು ತಿಂಗಳು ತಮಗೆ ಸಾಕೆಂದು ನಂಬಿದ್ದೇವೆ.


ಕಣಕಟ್ಟೆ ಹೋಬಳಿಯ ಗ್ರಾಮಸ್ಥರು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ನಿರ್ದೇಶಕರು, ಪ್ರವಾಸೋದ್ಯಮ ಇಲಾಖೆ, ಬೆಂಗಳೂರು, ಭಾರತೀಯ ಕರಾವಳಿ ಕಾವಲು ಪಡೆ, ಮಂಗಳೂರು, ಕರಾವಳಿ ಕಾವಲು ಪೊಲೀಸ್, ಮಲ್ಪೆ.