ಜೂನಿಯರ್ ಪಾಸಾಯ್ತು, ಪಿಟೀಲು ಅಟ್ಟಕ್ಕೆ ಹೋಯ್ತಾ?

ಸಂಗೀತದ ಜೂನಿಯರ್ ಪರೀಕ್ಷೆಗೆ ಅರ್ಜಿ ತುಂಬೋ ಸಮಯ ಬಂತು ಅಂದ್ರೆ ಮಕ್ಕಳನ್ನ ಪಾಠಕ್ಕೆ ಕಳಿಸೋ ಮನೆಗಳಲ್ಲೆಲ್ಲ ಒಂದೇ ಮಾತು. "ಈ ಸಲ ಕಟ್ಟಿಸೋದಾ, ಮುಂದಿನ ವರ್ಷಕ್ಕೆ ಬಿಡೋದಾ?" ಮೇಷ್ಟ್ರನ್ನ ಕೇಳ್ತೀವಿ, ಪಕ್ಕದ ಮನೆಯವರನ್ನ ಕೇಳ್ತೀವಿ, ವಾಟ್ಸಾಪ್ ಗುಂಪಲ್ಲಿ ಕೇಳ್ತೀವಿ. ಆದ್ರೆ ಪಾಸಾದ ಮೇಲೆ ಏನು ಅಂತ ಕೇಳೋರು ಕಮ್ಮಿ.

ನನ್ನ ಜೊತೆ ಎಂಜಿನಿಯರಿಂಗ್ ಓದಿದವರಲ್ಲಿ, ಈಗ ಆಫೀಸಿನಲ್ಲಿ ಜೊತೆಗಿರೋರಲ್ಲಿ "ನಂದು ಜೂನಿಯರ್ ಆಗಿದೆ" ಅನ್ನೋರು ಸಾಕಷ್ಟು ಜನ ಸಿಗ್ತಾರೆ. ವೀಣೆ, ಪಿಟೀಲು, ಮೃದಂಗ, ಕೊಳಲು ಎಲ್ಲ ಇದೆ ಪಟ್ಟಿಯಲ್ಲಿ. ಈಗಲೂ ನುಡಿಸ್ತೀರಾ ಅಂದ್ರೆ ನಕ್ಕು ಸುಮ್ಮನಾಗ್ತಾರೆ. ಸರ್ಟಿಫಿಕೇಟು ಫೈಲಿನಲ್ಲಿದೆ, ವಾದ್ಯ ಊರಿನ ಮನೆಯ ಅಟ್ಟದ ಮೇಲಿದೆ. ನಾಲ್ಕೈದು ವರ್ಷ ಅಪ್ಪ ಅಮ್ಮ ಫೀಸು ಕಟ್ಟಿ, ಬಸ್ಸು ಹತ್ತಿಸಿ, ಪಾಠ ಮುಗಿಯೋವರೆಗೂ ಮೇಷ್ಟ್ರ ಮನೆ ಜಗಲಿ ಮೇಲೆ ಕಾದು ಕೂತಿದ್ದು ಇದಕ್ಕೇನಾ ಅನ್ನಿಸುತ್ತೆ.

ಪರೀಕ್ಷೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅದರಿಂದ ಉಪಯೋಗ ಇದೆ. ಮೈಸೂರು, ಬೆಂಗಳೂರಿನ ಮಗುವಿಗೆ ವಾರಕ್ಕೊಂದು ಕಛೇರಿ, ಬೀದಿಗೊಂದು ಸ್ಪರ್ಧೆ ಇರುತ್ತೆ. ಪಾಂಡವಪುರದಲ್ಲೋ ಕೆ.ಆರ್. ಪೇಟೆಯಲ್ಲೋ ಕಲಿಯೋ ಮಗು ನುಡಿಸೋದನ್ನ ಅದರ ಮೇಷ್ಟ್ರು ಬಿಟ್ಟು ಬೇರೆ ತಿಳಿದವರು ಕೇಳೋದು ಪರೀಕ್ಷೆ ದಿನ ಮಾತ್ರ ಇರಬಹುದು. ಒಂದು ತಾರೀಕು ಗೊತ್ತಾದ್ರೆ ಅಭ್ಯಾಸಕ್ಕೂ ಒಂದು ಹದ ಬರುತ್ತೆ.

ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಅಂತ ನಾಲ್ಕು ಮೆಟ್ಟಿಲು. ದಶಕಗಳ ಕಾಲ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸೋ ಮಂಡಳಿಯೇ ಇವನ್ನೂ ನಡೆಸಿಕೊಂಡು ಬಂತು. ಅದಕ್ಕೇ ಇರಬೇಕು, ನಮ್ಮ ಮನಸ್ಸಿನಲ್ಲಿ ಇವೆರಡೂ ಒಂದೇ ಥರ ಕೂತುಬಿಟ್ಟಿವೆ: ಬರೆದ್ವಿ, ಪಾಸಾದ್ವಿ, ಮುಗೀತು. ಆದ್ರೆ ಸಂಗೀತಕ್ಕೆ ದರ್ಜೆ, ಪರೀಕ್ಷೆ ಅನ್ನೋದು ತೀರಾ ಹಳೇದೇನಲ್ಲ. ಲಂಡನ್ನಿನ ಎರಡು ಸಂಗೀತ ಸಂಸ್ಥೆಗಳು ಸೇರಿ ಪರೀಕ್ಷೆಗೆ ಅಂತಲೇ ಒಂದು ಮಂಡಳಿ ಕಟ್ಟಿಕೊಂಡಿದ್ದು 1889ರಲ್ಲಿ. ವಿಷ್ಣು ದಿಗಂಬರ ಪಲುಸ್ಕರ್ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಿದ್ದು 1901ರಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ವೀಣೆ ಶೇಷಣ್ಣನವರು ಹೆಸರಾಂತ ವಿದ್ವಾಂಸರು. ಅವರು ಯಾವ ವರ್ಷ ಜೂನಿಯರ್ ಕಟ್ಟಿದ್ರು ಅಂತ ಯಾರೂ ಕೇಳಲ್ಲ, ಅಲ್ವಾ?

ನನ್ನ ಅಕ್ಕ ಭಾವ ಇರೋದು ಪಾಂಡವಪುರದಲ್ಲಿ. ಅವರ ಮಗಳು ಪಿಟೀಲು ಕಲಿಯೋಕೆ ಶ್ರೀರಂಗಪಟ್ಟಣಕ್ಕೆ ಹೋಗ್ತಾಳೆ. ಜೂನಿಯರ್ ಆಗಿದೆ. ಈಗ ಒಂಬತ್ತನೇ ಕ್ಲಾಸು. ಕೆಲವು ತಿಂಗಳ ಹಿಂದೆ ಅಕ್ಕ ಫೋನ್ ಮಾಡಿ, "ನೋಡೋ, ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ಬೇಕಾದ್ರೆ ಸೀನಿಯರ್ ಕಟ್ಲಿ. ಅಲ್ಲಿವರೆಗೂ ಪಾಠ ನಿಲ್ಲಿಸೋಣ ಅಂತಿದೀನಿ" ಅಂದಳು. ಅವಳ ಮಾತಲ್ಲಿ ತಪ್ಪೇನಿಲ್ಲ. ಸಂಜೆ ಕತ್ತಲಾದ ಮೇಲೆ ಹುಡುಗಿ ಬಸ್ಸಿನಲ್ಲಿ ಬರಬೇಕು, ಟ್ಯೂಷನ್ನೂ ಅದೇ ಹೊತ್ತಿಗೆ.

ಆದ್ರೆ ಆ "ಆಮೇಲೆ" ಬರೋದೇ ಇಲ್ಲ ಅನ್ನೋದು ನಮ್ಮೆಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿ ಆದ್ಮೇಲೆ ಪಿಯುಸಿ, ಪಿಯುಸಿ ಜೊತೆಗೆ ಸಿಇಟಿ ಕೋಚಿಂಗು, ಅದಾದ್ಮೇಲೆ ಹಾಸ್ಟೆಲ್ಲು. ಒಂದು ವರ್ಷ ಬಿಲ್ಲು ಹಿಡಿಯದ ಕೈ ಮತ್ತೆ ಹಿಡಿದಾಗ ಅಪಸ್ವರ ಬರುತ್ತೆ. ಹತ್ತು ವರ್ಷದ ಮಗು ಅಪಸ್ವರ ನುಡಿಸಿದ್ರೆ ನಗುತ್ತೆ. ಹದಿನಾರರ ಹುಡುಗಿಗೆ ನಾಚಿಕೆ ಆಗಿ ಪೆಟ್ಟಿಗೆ ಮುಚ್ಚಿಬಿಡ್ತಾಳೆ. ನಿಲ್ಲೋದು ಹೀಗೆ. ಯಾರೂ "ಬಿಟ್ಟುಬಿಡು" ಅಂತ ಹೇಳಿರಲ್ಲ.

ಕೊನೆಗೆ ನಾವು ಮಾಡಿಕೊಂಡ ಏರ್ಪಾಡು ಇದು: ಹತ್ತನೇ ಕ್ಲಾಸಿನ ವರ್ಷ ಸಂಗೀತದ ಯಾವ ಪರೀಕ್ಷೆಯೂ ಬೇಡ, ಆದ್ರೆ ಪಾಠ ನಿಲ್ಲಬಾರದು. ವಾರಕ್ಕೆ ಎರಡು ಸಲ ಇದ್ದದ್ದು ಭಾನುವಾರ ಬೆಳಗ್ಗೆ ಒಂದೇ ಸಲ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ. ಮೇಷ್ಟ್ರು ತಕ್ಷಣ ಒಪ್ಪಿಕೊಂಡರು. "ಪರೀಕ್ಷೆ ಎಲ್ಲಿಗೂ ಓಡಿಹೋಗಲ್ಲಮ್ಮ, ಕೈ ಮಾತ್ರ ಓಡಿಹೋಗುತ್ತೆ" ಅಂದರಂತೆ. ಪಾಠವನ್ನೂ ಪರೀಕ್ಷೆಯನ್ನೂ ಬಿಡಿಸಿ ನೋಡಿದ್ರೆ ಇಂಥ ಎಷ್ಟೋ ಗಂಟು ಸಲೀಸಾಗುತ್ತೆ.

ತುಂಬಾ ಮನೆಗಳಲ್ಲಿ ಕೇಳೋ ಇನ್ನೊಂದು ಮಾತು, "ನಮಗೆ ಸಂಗೀತ ಗೊತ್ತಿಲ್ಲ, ನಾವೇನು ಹೇಳಿಕೊಡೋಕೆ ಆಗುತ್ತೆ?" ಭಾವನೂ ಹೀಗೇ ಅಂತಿದ್ರು. ಆದ್ರೆ ಅವರ ಊರು ಕಿಕ್ಕೇರಿ ಕಡೆ. ವಯಸ್ಸಿನಲ್ಲಿ ಕುರುಕ್ಷೇತ್ರ ನಾಟಕದಲ್ಲಿ ಧರ್ಮರಾಯನ ಪಾತ್ರ ಮಾಡಿದವರು. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದ್ರೆ ಸುಮ್ಮನೆ ಅಲ್ಲ. ಹಾರ್ಮೋನಿಯಂ ಮೇಷ್ಟ್ರನ್ನ ಗೊತ್ತು ಮಾಡಿ, ತಿಂಗಳುಗಟ್ಟಲೆ ರಾತ್ರಿ ಕೂತು ಕಂದ, ವೃತ್ತ, ಹಾಡು ಎಲ್ಲ ಕಲೀತಾರೆ. ಹೊಲದಿಂದ ಬಂದವರು, ಅಂಗಡಿ ಮುಚ್ಚಿ ಬಂದವರು, ಆ ಪೆಟ್ಟಿಗೆಯ ಶ್ರುತಿಗೆ ಗಂಟಲು ಸೇರಿಸ್ತಾರೆ. ಶ್ರುತಿ ಬಿಟ್ಟರೆ ಮೇಷ್ಟ್ರು ಅಲ್ಲೇ ನಿಲ್ಲಿಸಿ ಮತ್ತೆ ಹೇಳಿಸ್ತಾರೆ. ಅಂಥ ತಾಲೀಮು ಆದವರಿಗೆ ಮಗಳ ಪಿಟೀಲು ಶ್ರುತಿಗೆ ಸೇರ್ತಿದೆಯೋ ಇಲ್ಲವೋ ತಿಳಿಯದೇ ಇರುತ್ತಾ? ಭಾವನಿಗೆ ಚೆನ್ನಾಗಿಯೇ ತಿಳಿಯುತ್ತೆ. ರಾಗದ ಹೆಸರು ಗೊತ್ತಿಲ್ಲ, ಅಷ್ಟೆ. ಈಗ ಅವಳು ಅಭ್ಯಾಸ ಮಾಡುವಾಗ ಪೇಪರ್ ಓದ್ತಾ ಪಕ್ಕದಲ್ಲಿ ಕೂರ್ತಾರೆ. "ಮೇಲಿನ ಸ ಸ್ವಲ್ಪ ಇಳೀತಲ್ಲವ್ವ" ಅಂತಾರೆ. ಮಗಳು ಇಲ್ಲ ಅಂತ ವಾದ ಮಾಡ್ತಾಳೆ, ಆಮೇಲೆ ಸರಿ ಮಾಡ್ಕೋತಾಳೆ.

ಲೆಕ್ಕ ಬರುವವರಿಗೆ ತಾಳದ ಪಾಠದಲ್ಲೂ ಕೆಲಸ ಇದೆ. ಥಿಯರಿ ಪೇಪರಿನಲ್ಲಿ ಮಕ್ಕಳು ಒದ್ದಾಡೋದೇ ಇಲ್ಲಿ. ಏಳು ತಾಳ, ಐದು ಜಾತಿ, ಒಟ್ಟು 35 ತಾಳ ಅಂತ ಬಾಯಿಪಾಠ ಮಾಡಿಸೋ ಬದಲು ಬೆರಳಲ್ಲಿ ಎಣಿಸೋದು ತೋರಿಸಿ. ಲಘು ಒಂದೇ ಜಾತಿಯಿಂದ ಜಾತಿಗೆ ಬದಲಾಗೋದು: ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9 ಅಕ್ಷರ. ದ್ರುತಕ್ಕೆ ಯಾವಾಗಲೂ 2, ಅನುದ್ರುತಕ್ಕೆ 1. ಮಠ್ಯ ತಾಳದಲ್ಲಿ ಲಘು, ದ್ರುತ, ಲಘು. ಹಾಗಾದ್ರೆ ಚತುರಶ್ರ ಜಾತಿ ಮಠ್ಯಕ್ಕೆ 4, 2, 4 ಸೇರಿ 10 ಅಕ್ಷರ. ಆದಿತಾಳದಲ್ಲಿ 4, 2, 2 ಸೇರಿ 8. ಸರಳೆ ವರಸೆಯನ್ನ ಮೂರು ಕಾಲದಲ್ಲಿ ನುಡಿಸು ಅಂದ್ರೆ ಒಂದು ಆವರ್ತಕ್ಕೆ ಮೊದಲ ಕಾಲದಲ್ಲಿ 8 ಸ್ವರ, ಎರಡನೇದರಲ್ಲಿ 16, ಮೂರನೇದರಲ್ಲಿ 32. ಇಷ್ಟು ತಿಳಿದ್ರೆ ಅಮ್ಮ ರೊಟ್ಟಿ ತಟ್ಟುತ್ತಲೇ ಮಗನ ತಾಳ ತಪ್ಪಿದ್ದನ್ನ ಹಿಡೀಬಹುದು.

ಇನ್ನು ದೂರದ ಕಷ್ಟ. ನಾಗಮಂಗಲದ ಪರಿಚಯದವರೊಬ್ಬರ ಮಗ ಮೃದಂಗ ಕಲೀತಾನೆ. ವಾರಕ್ಕೊಂದು ಸಲ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗ್ತಾನೆ, ಇನ್ನೊಂದು ಪಾಠ ಫೋನಿನಲ್ಲಿ. "ಆನ್‌ಲೈನ್‌ನಲ್ಲಿ ಮೇಷ್ಟ್ರಿಗೆ ಇವನು ನುಡಿಸೋದು ಅರ್ಧ ಕೇಳೋದೇ ಇಲ್ಲ, ನೆಟ್‌ವರ್ಕ್ ಸರಿಯಿಲ್ಲ" ಅಂತ ಅವರ ದೂರು. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಅದಕ್ಕೇ ಹೇಳ್ತೀನಿ. ಎಷ್ಟೋ ಸಲ ತಪ್ಪು ನೆಟ್‌ವರ್ಕಿನದಲ್ಲ. ವಿಡಿಯೋ ಕಾಲ್ ತಂತ್ರಾಂಶಗಳನ್ನ ಮಾಡಿರೋದು ಮಾತಿಗೆ. ಒಂದೇ ಸಮ ಬರೋ ಶಬ್ದವನ್ನ ಅವು ಫ್ಯಾನಿನ ಸದ್ದು ಅಂದ್ಕೊಂಡು ಅಳಿಸಿಬಿಡ್ತವೆ. ಪಾಪ, ತಂಬೂರದ ಶ್ರುತಿ ಮಾಯವಾಗೋದು ಹೀಗೆ. ಮೃದಂಗದ ಪೆಟ್ಟುಗಳನ್ನೂ ಗದ್ದಲ ಅಂತ ಕತ್ತರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಶಬ್ದ ತಗ್ಗಿಸೋ ಆಯ್ಕೆ ಇದ್ದರೆ ಅದನ್ನ ಆಫ್ ಮಾಡಿ. ಝೂಮ್‌ನಲ್ಲಿ "ಒರಿಜಿನಲ್ ಸೌಂಡ್" ಅಂತಲೇ ಒಂದು ಆಯ್ಕೆ ಇದೆ. ಇನ್ನೊಂದು, ಶಬ್ದ ತಲುಪೋದು ಚೂರು ತಡವಾಗುತ್ತೆ, ಹಾಗಾಗಿ ಮೇಷ್ಟ್ರು ಶಿಷ್ಯ ಇಬ್ಬರೂ ಒಟ್ಟಿಗೆ ನುಡಿಸೋಕೆ ಹೋಗಬಾರದು. ಅವರು ನುಡಿಸಿ ನಿಲ್ಲಿಸಲಿ, ಇವನು ಆಮೇಲೆ ನುಡಿಸಲಿ.

ತಂತ್ರಜ್ಞಾನ ಸಂಗೀತಕ್ಕೆ ಶತ್ರು ಅಂತ ಗೊಣಗೋರಿಗೆ ಒಂದು ಮಾತು. ಇವತ್ತು ಪಾಠದ ಮನೆಗಳಲ್ಲಿ ಕಾಣೋ ಎಲೆಕ್ಟ್ರಾನಿಕ್ ತಂಬೂರ, ತಾಳದ ಪೆಟ್ಟಿಗೆ ರೂಪಿಸಿದವರಲ್ಲಿ ಮುಖ್ಯರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಂಜಿನಿಯರ್, ಕೊಳಲು ವಾದಕರೂ ಹೌದು. ಕೊಳಲು ಬಿಡದೇ ಇದ್ದ ಎಂಜಿನಿಯರ್‌ನಿಂದ ಎಷ್ಟು ಮನೆಗೆ ಉಪಕಾರ ಆಯ್ತು ನೋಡಿ. ನಮ್ಮ ಮೇಲುಕೋಟೆಯ ಪು.ತಿ.ನ. ಸರ್ಕಾರಿ ನೌಕರಿ ಮಾಡ್ತಲೇ ಸಂಗೀತ ಹಿಡಿದುಕೊಂಡರು, ಗೀತನಾಟಕಗಳನ್ನ ಬರೆದರು. "ಹಂಸ ದಮಯಂತಿ ಮತ್ತು ಇತರ ರೂಪಕಗಳು" ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಗೀತ ಕಲಿತ ಮಕ್ಕಳೆಲ್ಲ ವಿದ್ವಾಂಸರೇ ಆಗಬೇಕು ಅಂತೇನಿಲ್ಲ. ಕೆಲಸದ ಜೊತೆಗೆ ಉಳಿದರೂ ಸಾಕು.

ಪರೀಕ್ಷೆ ಕಟ್ಟಿಸಿಯೇ ಇದ್ದೀರಿ ಅಂದ್ರೆ ಕೆಲವು ಸಣ್ಣ ವಿಷಯ. ಕೇಂದ್ರ ಬೇರೆ ಊರಾದ್ರೆ ಒಂದು ಗಂಟೆ ಮುಂಚೆ ತಲುಪಿ. ಬಸ್ಸಿನ ಬಿಸಿಗೆ ತಂತಿ ಇಳಿದಿರುತ್ತೆ, ಮತ್ತೆ ಶ್ರುತಿ ಮಾಡೋಕೆ ಹೊತ್ತು ಬೇಕು. ಪಿಟೀಲಿಗೆ ಒಂದು ಜೊತೆ ತಂತಿ ಹೆಚ್ಚಿಗೆ ಇರಲಿ. ವೀಣೆಯ 24 ಮೆಟ್ಟಿಲನ್ನೂ ಮೇಣದ ಮೇಲೆ ಕೂರಿಸಿರ್ತಾರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಮೃದಂಗದವರು ಎಡಗಡೆಗೆ ಹಚ್ಚೋ ರವೆ ಮರೀಬೇಡಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮನೆಗೆ ಬಂದವರ ಮುಂದೆ ಎರಡು ಮೂರು ಸಲ ನುಡಿಸಲಿ. ಮಗು ಹೆದರೋದು ಹೊಸ ಮುಖಕ್ಕೆ, ರಾಗಕ್ಕಲ್ಲ. ಆದ್ರೆ ನೆಂಟರ ಮುಂದೆ "ಅವರ ಮಗಳು ನೋಡು ಆಗಲೇ ಸೀನಿಯರ್" ಅನ್ನೋ ಮಾತು ಮಾತ್ರ ಬೇಡ.

ಫಲಿತಾಂಶ ಬಂದ ಮೇಲಿನ ತಿಂಗಳನ್ನ ಖಾಲಿ ಬಿಡಬೇಡಿ. ಮಕ್ಕಳು ಜಾರೋದು ಆವಾಗಲೇ. ಒಂದು ವರ್ಷ ಅದೇ ಗೀತೆ, ಅದೇ ವರ್ಣ ತಿಕ್ಕಿ ತಿಕ್ಕಿ ಬೇಸತ್ತಿರ್ತಾರೆ. ಸಿಲಬಸ್ಸಿನಲ್ಲಿ ಇಲ್ಲದ್ದು ಏನಾದ್ರೂ, ಒಂದು ದೇವರನಾಮವೋ ಭಾವಗೀತೆಯೋ, ಅವರಿಗೇ ಇಷ್ಟ ಆದದ್ದನ್ನ ಹೇಳಿಕೊಡಿ ಅಂತ ಮೇಷ್ಟ್ರನ್ನ ಕೇಳಿಕೊಳ್ಳಿ. ಕಛೇರಿಗೆ ಕರಕೊಂಡು ಹೋಗಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ರೈಲಿನಲ್ಲಿ ಹತ್ತಿರ. ದಸರೆಯಲ್ಲಿ ಅರಮನೆ ಮುಂದೆ, ಗಣೇಶನ ಹಬ್ಬದಲ್ಲಿ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ದೊಡ್ಡ ವಿದ್ವಾಂಸರನ್ನ ಕೂತು ಕೇಳಬಹುದು. ವಾಪಸ್ ಬರೋ ಗಾಡಿಗೆ ಹೊತ್ತಾಗುತ್ತೆ ಅಂತ ಮಧ್ಯದಲ್ಲಿ ಎದ್ದು ಬಂದರೂ ಪರವಾಗಿಲ್ಲ. ತಾನು ನುಡಿಸೋ ವರ್ಣವನ್ನೇ ವೇದಿಕೆ ಮೇಲಿರೋರು ನುಡಿಸಿದ್ದನ್ನ ಕೇಳಿದ ಮಗು ಮಾರನೇ ದಿನ ತಾನಾಗೇ ಪೆಟ್ಟಿಗೆ ತೆಗೆಯುತ್ತೆ.

ಈ ಸಲ ಅರ್ಜಿಗೆ ಸಹಿ ಹಾಕೋ ಮುಂಚೆ ಮಗುವನ್ನ ಕೂರಿಸಿಕೊಂಡು ಒಂದು ಮಾತು ಕೇಳಿ, "ಪಾಸಾದ ಮೇಲೆ ಏನು ಕಲೀಬೇಕು ಅಂತ ಆಸೆ?" ಉತ್ತರ ಇದ್ದರೆ ಧೈರ್ಯವಾಗಿ ಕಟ್ಟಿಸಿ. ಇಲ್ಲದಿದ್ದರೆ ಒಂದು ವರ್ಷ ಪರೀಕ್ಷೆ ಬದಿಗಿಡಿ, ಪಾಠ ಮುಂದುವರಿಸಿ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ವೀಣೆಯೋ ಪಿಟೀಲೋ ಇದ್ದರೆ ಈ ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಹೊಸ ತಂತಿ ಹಾಕಿಸಿ. ನುಡಿಸೋರು ಯಾರು ಅಂತ ಆಮೇಲೆ ನೋಡಿಕೊಂಡರಾಯ್ತು.