ಪರದೆಯ ಮೇಲೆ ಕಂಡವರು ಯಾರು?

1941ರ ಡಿಸೆಂಬರ್ 7, ಭಾನುವಾರ. ಹವಾಯಿಯ ಓಅಹು ದ್ವೀಪದ ಉತ್ತರ ತುದಿಯ ಒಪಾನಾದಲ್ಲಿ ಅಮೆರಿಕ ಸೇನೆಯ ರೇಡಾರ್ ಕೇಂದ್ರವೊಂದಿತ್ತು. ಬೆಳಿಗ್ಗೆ 7 ಗಂಟೆಗೆ ಪಾಳಿ ಮುಗಿದರೂ ತಿಂಡಿಗೆ ಕರೆದೊಯ್ಯುವ ಲಾರಿ ಬಂದಿರಲಿಲ್ಲ. ಕೆಲಸಕ್ಕೆ ಹೊಸಬನಾದ ಜಾರ್ಜ್ ಎಲಿಯಟ್‌ಗೆ ಯಂತ್ರ ಕಲಿಯುವ ಆಸೆ. ಜೊತೆಗಾರ ಜೋಸೆಫ್ ಲಾಕರ್ಡ್ ಹೇಳಿಕೊಡಲು ಒಪ್ಪಿದ. 7 ಗಂಟೆ 2 ನಿಮಿಷಕ್ಕೆ ಪರದೆಯ ಮೇಲೆ ಭಾರಿ ಉಬ್ಬೊಂದು ಎದ್ದಿತು. ಯಂತ್ರವೇ ಕೆಟ್ಟಿದೆಯೆಂದು ಲಾಕರ್ಡ್‌ನ ಗುಮಾನಿ. ಪರೀಕ್ಷಿಸಿದರೆ ಎಲ್ಲ ಸರಿಯಾಗಿತ್ತು. ವಿಮಾನಗಳ ದೊಡ್ಡ ಹಿಂಡೊಂದು ಸುಮಾರು 212 ಕಿಲೋಮೀಟರ್ ದೂರದಲ್ಲಿತ್ತು!

ದೂರ ತಿಳಿದದ್ದು ಹೇಗೆ? ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳುವುದಿಲ್ಲವೇ, ಹಾಗೆ. ರೇಡಾರ್ ದನಿಯ ಬದಲು ರೇಡಿಯೊ ಅಲೆಯ ಚಿಕ್ಕ ತುಣುಕುಗಳನ್ನು ಕಳಿಸುತ್ತದೆ. ಅವುಗಳ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಆ ದಿನದ ಪ್ರತಿಧ್ವನಿ ಮರಳಲು ಹಿಡಿದದ್ದು ಸೆಕೆಂಡಿನ ಸಾವಿರದಲ್ಲಿ ಸುಮಾರು 1.41 ಭಾಗ. ವೇಗದಿಂದ ಗುಣಿಸಿದರೆ ಹೆಚ್ಚುಕಡಿಮೆ 424 ಕಿ.ಮೀ. ಇದು ಹೋಗಿಬಂದ ದಾರಿ. ಅರ್ಧ ಮಾಡಿದರೆ ವಿಮಾನದ ದೂರ. (ಪರೀಕ್ಷೆಯಲ್ಲಿ ಈ ಅರ್ಧ ಮರೆತು ಅಂಕ ಕಳೆದುಕೊಳ್ಳುವವರೇ ಹೆಚ್ಚು.) ಇನ್ನು ದಿಕ್ಕು? ಆಂಟೆನಾ ಯಾವ ಕಡೆ ತಿರುಗಿದಾಗ ಪ್ರತಿಧ್ವನಿ ಪ್ರಬಲವೋ ಅದೇ ದಿಕ್ಕು.

ಇಬ್ಬರೂ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದರು. ಅಲ್ಲಿದ್ದ ಲೆಫ್ಟಿನೆಂಟ್ ಕರ್ಮಿಟ್ ಟೈಲರ್‌ಗೂ ಈ ಕೆಲಸ ಹೊಸದು. ಕ್ಯಾಲಿಫೋರ್ನಿಯಾದಿಂದ ತಮ್ಮದೇ ಬಿ-17 ಬಾಂಬರ್‌ಗಳು ಬರಲಿವೆಯೆಂದು ಆತ ನಂಬಿದ್ದ, ಚಿಂತೆ ಬೇಡವೆಂದ. ಗಂಟೆಯೊಳಗೆ ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿಸಿದವು. ಸುಮಾರು 2,400 ಅಮೆರಿಕನ್ನರು ಸತ್ತರು. ಬಿ-17ಗಳೂ ಬಂದದ್ದು ನಿಜ, ದಾಳಿಯ ನಡುವೆ!

ಟೈಲರ್‌ನನ್ನು ದೂರುವುದು ಸುಲಭ. ಆದರೆ ಪ್ರತಿಧ್ವನಿಗೆ ಹೆಸರಿಲ್ಲ. ಅಲೆ ಬಡಿದು ಮರಳುವ ಲೋಹ ಗೆಳೆಯರದೋ ಶತ್ರುಗಳದೋ ಅದಕ್ಕೇನು ಗೊತ್ತು?

ಈ ಕೊರತೆಗೆ ಪರಿಹಾರ, ವಿಮಾನವೇ ಉತ್ತರಿಸುವಂತೆ ಮಾಡುವುದು. ಬ್ರಿಟನ್ನಿನ ಯುದ್ಧವಿಮಾನಗಳು 1940ರಲ್ಲೇ ಅಂಥ ಉಪಕರಣ ಹೊತ್ತಿದ್ದವು. ಇಂದಿನ ಪ್ರಯಾಣಿಕ ವಿಮಾನಗಳಲ್ಲಿ ಅದರ ವಂಶದ ಟ್ರಾನ್ಸ್‌ಪಾಂಡರ್ ಇದೆ. ನೆಲದಿಂದ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ. ವಿಮಾನದಿಂದ 1090ರಲ್ಲಿ ಉತ್ತರ. ಅದನ್ನು ಆರಿಸಿಬಿಟ್ಟರೆ ಮಾತ್ರ ಮತ್ತೆ ಹೆಸರಿಲ್ಲದ ಪ್ರತಿಧ್ವನಿಯೇ ಗತಿ.

ಉತ್ತರದಲ್ಲಿ ನಾಲ್ಕಂಕಿಯ ಸಂಕೇತವಿರುತ್ತದೆ. ರೇಡಿಯೊ ಕೆಟ್ಟರೆ 7600, ತುರ್ತು ಸ್ಥಿತಿಗೆ 7700. ಇದರಲ್ಲಿ 8 ಮತ್ತು 9 ಬಳಸುವಂತಿಲ್ಲ. ಹಾಗಾದರೆ ಒಟ್ಟು ಎಷ್ಟು ಸಂಕೇತ ಸಾಧ್ಯ? ಲೆಕ್ಕ ಹಾಕಿ ನೋಡಿ, 4,096 ಬರಬೇಕು.