ಮೊದಲು ಕೇಳಿ: ಫೋನ್ ಯಾರ ಕೈಲಿದೆ?

ಬೆಂಗಳೂರಲ್ಲಿ ಕೂತು ಊರಿನ ಅಕ್ಕನಿಗೋ ಅತ್ತಿಗೆಗೋ ಸಹಾಯವಾಣಿ ನಂಬರ್ ವಾಟ್ಸಾಪ್ ಮಾಡೋದು ಸುಲಭ. ಆದರೆ ಕಾರ್ಗಲ್ ಸುತ್ತಿನ ಹಳ್ಳಿ ಕಡೆ ನೆಟ್‌ವರ್ಕ್ ಸಿಗೋದೇ ಅಂಗಳದ ಒಂದು ಮೂಲೆಯಲ್ಲಿ. ಅಲ್ಲಿ ನಿಂತು ಮಾತಾಡಿದ್ದು ಮನೆಮಂದಿಗೆಲ್ಲ ಕೇಳಿಸುತ್ತೆ. ಫೋನಿನ ಲಾಕ್ ಗಂಡನಿಗೂ ಗೊತ್ತಿರುತ್ತೆ. ಹೊಡೆಯುವವನ ಕಣ್ಣಿಗೆ ಆ ಮೆಸೇಜ್ ಬಿದ್ದರೆ ಆ ರಾತ್ರಿ ಏನಾಗಬಹುದು, ಯೋಚಿಸಿ.

ಇದು ಎಲ್ಲೋ ಒಂದು ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಮಹಿಳೆಯರಲ್ಲಿ (18ರಿಂದ 49 ವರ್ಷ) ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ.

ಗಂಡನ ಕುಡಿತದ ಬಗ್ಗೆ ಊರೆಲ್ಲ ಮಾತಾಡುತ್ತೆ. ಹೆಂಡತಿಯೇ ಕುಡಿಯುತ್ತಿದ್ದರೆ, ನಿದ್ದೆ ಮಾತ್ರೆಗೆ ಅಂಟಿಕೊಂಡಿದ್ದರೆ ಎಲ್ಲರ ಬಾಯಿ ಬಂದ್. ಪೆಟ್ಟಿನ ನೋವು, ಭಯ ಮರೆಯೋಕೆ ಶುರುವಾದದ್ದೇ ಎಷ್ಟೋ ಸಲ ಚಟವಾಗುತ್ತೆ. ಆಮೇಲೆ ಅವನ ಬಾಯಲ್ಲಿ ಒಂದೇ ಮಾತು: "ಕುಡಿಯೋಳು ನೀನು, ನಿನ್ನ ಮಾತು ಯಾರು ನಂಬ್ತಾರೆ?"

ಕಾನೂನು ಹಾಗೆ ಹೇಳೋದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಚಟ ಇರೋಳಿಗೆ ರಕ್ಷಣೆ ಇಲ್ಲ ಅನ್ನೋ ಮಾತೇ ಇಲ್ಲ. ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿಗೆ ಹಣ ಎಲ್ಲವನ್ನೂ ಅವಳು ಕೋರ್ಟಿನಲ್ಲಿ ಕೇಳಬಹುದು. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರಿಗೆ ವಿಷಯ ತಿಳಿಸೋಕೆ ನೀವೂ ಅರ್ಹರು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ.

ಈಗ ನಂಬರ್‌ಗಳು. ಜೀವಕ್ಕೆ ಅಪಾಯ ಅನಿಸಿದರೆ 112. ಹಿಂಸೆಯ ವಿಷಯಕ್ಕೆ ಮಹಿಳಾ ಸಹಾಯವಾಣಿ 181. ಜಿಲ್ಲಾ ಮಟ್ಟದ ಸಖಿ ಕೇಂದ್ರದ ದಾರಿಯನ್ನೂ ಅಲ್ಲೇ ಕೇಳಬಹುದು. ಚಟ ಬಿಡಿಸೋಕೆ 14446. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416: 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಯಾವ ನಂಬರಿಗೆ ಮಾಡಿದರೂ ಪೆಟ್ಟು, ಕುಡಿತ ಎರಡನ್ನೂ ಹೇಳಬೇಕು. ಒಂದನ್ನು ಮುಚ್ಚಿಟ್ಟರೆ ಅರ್ಧ ಚಿಕಿತ್ಸೆಯಷ್ಟೇ ಸಿಗೋದು.

ಅವಳ ಫೋನ್ ಸುರಕ್ಷಿತವಲ್ಲದಿದ್ದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಅಥವಾ ನಂಬಿಕೆಯ ಪಕ್ಕದಮನೆಯವರ ಫೋನ್ ಬಳಸಲಿ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತು ಗೊತ್ತುಮಾಡಿಕೊಳ್ಳಿ. "ಅಡಿಕೆ ಕೊಯ್ಲು ಮುಗೀತಾ?" ಅಂತ ಅವಳು ಕೇಳಿದರೆ 112ಕ್ಕೆ ನೀವೇ ಕರೆ ಮಾಡಬೇಕು, ಹಾಗೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಗಾಯದ ಫೋಟೋಗಳ ಪ್ರತಿ ನಿಮ್ಮ ಹತ್ತಿರ ಇರಲಿ.

"ಇವತ್ತೇ ಬಿಟ್ಟುಬಿಡು ಮಾರಾಯ್ತಿ" ಅಂತ ಮಾತ್ರ ಒತ್ತಾಯ ಮಾಡಬೇಡಿ. ತುಂಬಾ ದಿನ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ನಿದ್ದೆ ಮಾತ್ರೆಯೂ ಅಷ್ಟೇ. ಬಿಡೋದು ಡಾಕ್ಟರ ಕಣ್ಣಳತೆಯಲ್ಲೇ ಆಗಬೇಕು. ಸಾಗರದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗ್ತಾರೆ ಅಂತ ನೀವೇ ವಿಚಾರಿಸಿ ತಿಳಿಸಿ.

ಈ ವಾರ ಊರಿಗೆ ಫೋನ್ ಮಾಡಿದಾಗ "ಚೆನ್ನಾಗಿದೀಯಾ?" ಅಂತ ಶುರುಮಾಡಬೇಡಿ. ಅದಕ್ಕೆ ಉತ್ತರ ಯಾವಾಗಲೂ "ಹ್ಞೂಂ". ಬದಲು "ಈಗ ಮಾತಾಡಬಹುದಾ?" ಅಂತ ಕೇಳಿ. "ಇಲ್ಲ" ಅಂದರೆ ಇಟ್ಟುಬಿಡಿ. ನಾಳೆ ಮತ್ತೆ ಮಾಡಿ.